ಹಳಬರ ದಣಿವು, ಹೊಸಬರ ಮೊದಲ ಪ್ರಶ್ನೆ

ಮೀನು ಸಾಕುವವರ ಆನ್‌ಲೈನ್ ಗುಂಪು ಯಾವುದೇ ಇರಲಿ, ಅಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ: “ಹೊಸ ಟ್ಯಾಂಕ್ ತಂದು ಒಂದು ವಾರ ಆಯ್ತು, ಮೀನು ಒಂದೊಂದೇ ಸಾಯ್ತಾ ಇವೆ, ಏನು ಮಾಡ್ಲಿ?” ತಪ್ಪದೆ ಬರುವ ಉತ್ತರವೂ ಒಂದಿದೆ: “ಸೈಕಲ್ ಮಾಡದೆ ಮೀನು ಬಿಟ್ರಾ? ಇಷ್ಟೂ ಗೊತ್ತಿಲ್ಲದವರಿಗೆ ಮೀನು ಯಾಕೆ?” ಉತ್ತರದ ಒಳಗಿರುವ ವಿಷಯ ಸರಿಯಾದದ್ದೇ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು; ಹೀಗೆ ನೆಲೆಯೂರಿಸುವುದನ್ನೇ ‘ಸೈಕಲ್ ಮಾಡುವುದು’ ಎನ್ನುತ್ತಾರೆ. ಅದಕ್ಕೆ ಮೊದಲೇ ಬಿಟ್ಟ ಮೀನು ತನ್ನದೇ ಹೊಲಸಿನ ವಿಷಕ್ಕೆ ಸಾಯಬಹುದು. ಆದರೆ ಕೇಳಿದವರಿಗೆ ಇದು ತಲುಪಲಿಲ್ಲ, ತಲುಪಿದ್ದು ಬೈಗುಳ. ಅವರು ಗುಂಪು ಬಿಡುತ್ತಾರೆ, ಮೀನೂ ಉಳಿಯುವುದಿಲ್ಲ, ಮುಂದಿನ ವಾರ ಇನ್ಯಾರೋ ಬಂದು ಅದನ್ನೇ ಕೇಳುತ್ತಾರೆ.

ಹೀಗೆ ಉತ್ತರಿಸುವವರೆಲ್ಲ ಕೆಟ್ಟವರೇನಲ್ಲ. ಗುಂಪಿನ ಆರಂಭದ ದಿನಗಳಲ್ಲಿ ಪುಟಗಟ್ಟಲೆ ವಿವರಿಸಿದವರು ಎಷ್ಟೋ ಸಲ ಅವರೇ ಆಗಿರುತ್ತಾರೆ. ಅದೇ ಪ್ರಶ್ನೆ ಮತ್ತೆ ಮತ್ತೆ ಬಂದಂತೆ ಉತ್ತರ ಗಿಡ್ಡವಾಗುತ್ತದೆ, ಆಮೇಲೆ ಕೊಂಕಾಗುತ್ತದೆ, ಆ ಕೊಂಕಿಗೆ ನಾಲ್ಕು ನಗುವ ಎಮೋಜಿ ಬಿದ್ದ ದಿನದಿಂದ ಅದೇ ಗುಂಪಿನ ಮಾತಿನ ಧಾಟಿಯಾಗಿಬಿಡುತ್ತದೆ. ಹವ್ಯಾಸದ ಗುಂಪುಗಳಲ್ಲಿ ಕಾಣುವ ವಿಷದ ದೊಡ್ಡ ಪಾಲು ಹಳಬರ ದಣಿವೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ‘ಎಲ್ಲರೂ ಸೌಜನ್ಯದಿಂದ ವರ್ತಿಸಿ’ ಎಂದು ಮೇಲೆ ಪಿನ್ ಮಾಡಿದ ಮಾತ್ರಕ್ಕೆ ಏನೂ ಬದಲಾಗದು.

ಕಾಯಿಲೆ ಹಳೆಯದು. ಯೂಸ್‌ನೆಟ್ ಎಂಬ ಹಳೆಯ ಆನ್‌ಲೈನ್ ಚರ್ಚಾ ಜಾಲದ ಕಾಲದಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಹೊಸದಾಗಿ ಕಾಲೇಜು ಸೇರಿದವರು ಒಟ್ಟಿಗೆ ಒಳಬರುತ್ತಿದ್ದರು, ಕೆಲವು ವಾರದಲ್ಲಿ ಅಲ್ಲಿನ ರೀತಿ ರಿವಾಜು ಕಲಿಯುತ್ತಿದ್ದರು. ಇಂಟರ್ನೆಟ್ ಕಂಪನಿಗಳು ಸಾಮಾನ್ಯ ಚಂದಾದಾರರಿಗೂ ಬಾಗಿಲು ತೆರೆದ ಮೇಲೆ ಹೊಸಬರ ಹರಿವು ನಿಲ್ಲಲೇ ಇಲ್ಲ; 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಎಂದು ಹಳಬರು ಗೊಣಗಿದರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತು. ಕಿಡಿಗೇಡಿತನ ತಡೆಯಲು ಮಾಡಿಕೊಂಡ ಸ್ವಯಂಚಾಲಿತ ಉಪಕರಣಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವನ್ನೂ ಅಳಿಸಿ ಅವರನ್ನು ಓಡಿಸಿದವು ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಷ್ಟರಲ್ಲಿ, 2012ರಲ್ಲೇ, ಹೊಸಬರು ಯಾವ ಪ್ರಶ್ನೆಯನ್ನಾದರೂ ಕೇಳಬಹುದಾದ ‘ಟೀಹೌಸ್’ ಎಂಬ ಪುಟವನ್ನು ಅಲ್ಲಿ ತೆರೆದಿದ್ದರು. ಅದು ಸರಿಯಾದ ದಿಕ್ಕು.

ಹಾಗಾದರೆ ಮೊದಲ ಕೆಲಸ, ಮರುಕಳಿಸುವ ಪ್ರಶ್ನೆಯ ಹೊರೆಯನ್ನು ಹಳಬರ ತಲೆಯಿಂದ ಇಳಿಸುವುದು. ಪ್ರಶ್ನೆ ಕೇಳಲು ಒಂದು ನಮೂನೆ ಇಟ್ಟುಬಿಡಿ. ಮೀನಿನ ಗುಂಪಿನಲ್ಲಿ: ಟ್ಯಾಂಕ್ ಎಷ್ಟು ಲೀಟರ್, ನೀರು ತುಂಬಿಸಿ ಎಷ್ಟು ದಿನ, ಯಾವ ಮೀನು ಎಷ್ಟು, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳತೆ, ಕೊನೆಯ ಸಲ ನೀರು ಬದಲಿಸಿದ್ದು ಯಾವಾಗ. ಫೋಟೋಗ್ರಫಿ ಗುಂಪಿನಲ್ಲಿ: ಕತ್ತರಿಸದ ಚಿತ್ರ, ಶಟರ್ ವೇಗ, ಅಪರ್ಚರ್, ಐಎಸ್ಒ, ಲೆನ್ಸ್ ಎಷ್ಟು ಮಿಲಿಮೀಟರ್. ಏಳೆಂಟು ಸಾಲಿಗಿಂತ ಉದ್ದವಾದರೆ ಯಾರೂ ತುಂಬುವುದಿಲ್ಲ. ‘ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ’ ಎಂಬ ಸಾಲು ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ಅಳೆಯುವ ಕಿಟ್ ಇಲ್ಲದವರು ಸಂಕೋಚಪಟ್ಟು ಕೇಳುವುದನ್ನೇ ಬಿಡುತ್ತಾರೆ.

ಆಮೇಲೆ ಸಿದ್ಧ ಉತ್ತರಗಳು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಎಲ್ಲವನ್ನೂ ತುರುಕಿದ ಇಪ್ಪತ್ತು ಪುಟದ ಕೈಪಿಡಿ ಬರೆಯುತ್ತಾರೆ, ‘ಓದಿ ಬನ್ನಿ’ ಎನ್ನುತ್ತಾರೆ. ಒಂದು ಪ್ರಶ್ನೆಗೆ ಒಂದು ಉತ್ತರ, ಸುಮಾರು 150 ಪದ, ಅದಕ್ಕೆ ಅದರದೇ ಕೊಂಡಿ. ಮೊದಲ ಸಾಲಿನಲ್ಲಿ ಈಗಲೇ ಮಾಡಬೇಕಾದದ್ದು, ಕಾರಣ ಆಮೇಲೆ. ಮೀನು ಸಾಯುತ್ತಿರುವ ಪ್ರಶ್ನೆಗಾದರೆ ಹೀಗೆ: ಇವತ್ತು ಆಹಾರ ಹಾಕಬೇಡಿ, ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬಿಸಿಯಿರುವ ನೀರಿನಿಂದ ಕಾಲು ಭಾಗದಿಂದ ಅರ್ಧದಷ್ಟು ಬದಲಿಸಿ, ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಳಬರು ಈ ಕೊಂಡಿಯನ್ನು ಹಾಕಿ, ಕೇಳಿದವರ ಟ್ಯಾಂಕಿಗೆ ಮಾತ್ರ ಹೊಂದುವ ಒಂದು ಸಾಲನ್ನು ಕೈಯಾರೆ ಸೇರಿಸಿದರೆ ಸಾಕು. ಆ ಒಂದು ಸಾಲನ್ನು ಬಿಡುವ ಹಾಗಿಲ್ಲ. ಬರೀ ಕೊಂಡಿ ಎಸೆದರೆ ಅದೂ ಬಾಗಿಲು ಮುಚ್ಚಿದ ಹಾಗೆಯೇ ಕೇಳಿಸುತ್ತದೆ.

‘ಹಳೆಯ ಮೆಸೇಜು ಹುಡುಕಿ ನೋಡಿ’ ಎನ್ನುವುದು ಚಾಟ್ ಗುಂಪಿನಲ್ಲಿ ಅನ್ಯಾಯ. ದಿನಕ್ಕೆ ನೂರಾರು ಮೆಸೇಜು ಹರಿದುಹೋಗುವ ಕಡೆ ಏನೆಂದು ಹುಡುಕಬೇಕು ಎಂಬುದೇ ಹೊಸಬರಿಗೆ ತಿಳಿಯದು. ‘ಸೈಕಲ್’ ಎಂಬ ಪದ ಗೊತ್ತಿದ್ದರೆ ಅವರು ಕೇಳುತ್ತಲೇ ಇರಲಿಲ್ಲ. ಹರಟೆಗೆ ಚಾಟ್ ಇರಲಿ, ಉತ್ತರಗಳು ನಿಲ್ಲುವ ಜಾಗ ಬೇರೆ ಇರಲಿ. ಡಿಸ್ಕೋರ್ಸ್‌ನಂಥ ಚರ್ಚಾ ವೇದಿಕೆಯ ತಂತ್ರಾಂಶ ಬಳಸುವುದಾದರೆ ಅದರ ನಂಬಿಕೆಯ ಹಂತಗಳು (ಸದಸ್ಯರಿಗೆ ಸಿಗುವ ಅನುಮತಿಗಳ ಮೆಟ್ಟಿಲು) ತಾವೇ ಕೆಲಸ ಮಾಡುತ್ತವೆ: ಹೊಸ ಸದಸ್ಯರು 5 ವಿಷಯ ತೆರೆದು, 30 ಪೋಸ್ಟ್ ಓದಿ, 10 ನಿಮಿಷ ಕಳೆದರೆ ಮುಂದಿನ ಹಂತಕ್ಕೆ ಏರುತ್ತಾರೆ. ಅಡ್ಮಿನ್ ಯಾರನ್ನೂ ಪರೀಕ್ಷಿಸಿ ಒಳಬಿಡಬೇಕಾಗಿಲ್ಲ.

ಹೊಸಬರ ಪ್ರಶ್ನೆಗೆ ಪ್ರತ್ಯೇಕ ಚಾನೆಲ್ ಮಾಡಿ, ವಾರಕ್ಕೆ ಇಬ್ಬರಂತೆ ಸರದಿ ಹಾಕಿ. 24 ಗಂಟೆಯಲ್ಲಿ ಯಾರೂ ಉತ್ತರಿಸದಿದ್ದರೆ ಸರದಿಯವರು ಉತ್ತರಿಸಬೇಕು, ‘ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳುತ್ತೇನೆ’ ಎಂದಾದರೂ. ಉಳಿದ ಹಳಬರಿಗೆ ಆ ಚಾನೆಲನ್ನು ಮ್ಯೂಟ್ ಮಾಡಲು ಮುಕ್ತ ಅನುಮತಿ ಇರಲಿ, ಅದನ್ನು ಬಾಯಿಬಿಟ್ಟು ಹೇಳಿ. ದಣಿದವರು ಸುಮ್ಮನಿರುವುದು ಗುಂಪಿಗೆ ಅವರು ಮಾಡುವ ಉಪಕಾರವೇ.

ನಿಯಮಗಳ ಬಗ್ಗೆ ಒಂದು ತಪ್ಪು ನಂಬಿಕೆಯಿದೆ, ಅವು ಹೊಸಬರನ್ನು ಹೆದರಿಸುತ್ತವೆ ಎಂದು. ರೆಡಿಟ್‌ನ ವಿಜ್ಞಾನ ವಿಭಾಗದಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಚರ್ಚೆಯ ಮೇಲ್ತುದಿಯಲ್ಲಿ ನಿಯಮ ಕಾಣುವಂತೆ ಇಟ್ಟಾಗ ಹೊಸಬರು ನಿಯಮ ಪಾಲಿಸುವ ಪ್ರಮಾಣ ಶೇಕಡಾ 8 ಅಂಶಕ್ಕೂ ಹೆಚ್ಚು ಏರಿತು, ಹೊಸಬರ ಭಾಗವಹಿಸುವಿಕೆ ಸರಾಸರಿ ಶೇ. 70ರಷ್ಟು ಹೆಚ್ಚಿತು. ಇಲ್ಲಿ ಏನು ನಡೆಯುತ್ತದೆ, ಏನು ನಡೆಯದು ಎಂದು ಕಂಡಾಗ ಬಾಯಿ ತೆರೆಯಲು ಧೈರ್ಯ ಬರುತ್ತದೆ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಪ್ರೋಗ್ರಾಮರುಗಳು ಒಟ್ಟಿಗೆ ಕಲಿಯುವ ರಿಕರ್ಸ್ ಸೆಂಟರ್‌ನ ನಿಯಮಗಳಲ್ಲಿ ಎರಡನ್ನು ಯಾವ ಹವ್ಯಾಸಕ್ಕೂ ಹಾಗೇ ಎತ್ತಿಕೊಳ್ಳಬಹುದು. ಒಂದು, ‘ಅಯ್ಯೋ, ಇದೂ ಗೊತ್ತಿಲ್ವಾ?’ ಎಂದು ಸುಳ್ಳು ಅಚ್ಚರಿ ತೋರಬಾರದು. ಇನ್ನೊಂದು, ಮುಖ್ಯ ಮಾತಿಗೆ ಸಂಬಂಧವಿಲ್ಲದ ಸಣ್ಣ ತಪ್ಪನ್ನು ‘ನಿಜವಾಗಿ ನೋಡಿದರೆ…’ ಎಂದು ಹೆಕ್ಕಿ ತಿದ್ದಬಾರದು. ‘ಸೌಜನ್ಯದಿಂದಿರಿ’ ಎಂಬುದನ್ನು ಯಾರೂ ತಾನು ಮುರಿದೆ ಎಂದು ಒಪ್ಪುವುದಿಲ್ಲ. ಇವೆರಡನ್ನು ಮುರಿದದ್ದು ಎದುರಿಗೇ ಕಾಣುತ್ತದೆ.

ಉಪಕರಣದ ಜಂಬ ಇನ್ನೊಂದು ಬಗೆಯ ವಿಷ. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ಬರೆದ 70 ಮಿಲಿಮೀಟರ್ ಟೆಲಿಸ್ಕೋಪ್ ಕೊಂಡವರಿಗೆ ‘ಆಟಿಕೆ ಅದು, ಎಸೆಯಿರಿ’ ಎನ್ನುವ ಗುಂಪುಗಳಿವೆ. ಪೆಟ್ಟಿಗೆಯ ಮಾತು ಸುಳ್ಳು ಎಂಬುದೇನೋ ಹೌದು, ಉಪಯುಕ್ತ ವರ್ಧನೆಯ ಮಿತಿ ಸುಮಾರಾಗಿ ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟು, ಅಂದರೆ 140ರ ಆಸುಪಾಸು. ಅದನ್ನು ಹೇಳಿ. ಅದರ ಜೊತೆಗೇ 25 ಮಿಲಿಮೀಟರ್ ಐಪೀಸಿನಿಂದ (ಕಣ್ಣಿಟ್ಟು ನೋಡುವ ಮಸೂರ) ಶುರುಮಾಡಲು ಹೇಳಿ, ಚಂದ್ರನ ಕುಳಿಗಳೂ ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳೂ ಅದರಲ್ಲೇ ಕಾಣುತ್ತವೆ. ಶನಿಯ ಉಂಗುರಕ್ಕೆ ವರ್ಧನೆ ಸ್ವಲ್ಪ ಏರಿಸಿದರಾಯಿತು.

ಮೃದುತ್ವ ಎಲ್ಲ ಕಡೆಯೂ ಸಲ್ಲದು. ಸೌರ ಫಿಲ್ಟರ್ ಇಲ್ಲದೆ ಟೆಲಿಸ್ಕೋಪನ್ನು ಸೂರ್ಯನತ್ತ ತಿರುಗಿಸುತ್ತೇನೆ ಎಂದವರಿಗೆ ‘ಈಗಲೇ ನಿಲ್ಲಿಸಿ, ಕಣ್ಣು ಹೋಗುತ್ತದೆ’ ಎಂದು ಖಡಾಖಂಡಿತವಾಗಿ ಹೇಳಬೇಕು. ಹಕ್ಕಿ ನೋಡುವವರ ಗುಂಪಿನಲ್ಲಿ ಅಪರೂಪದ ಹಕ್ಕಿಯ ಗೂಡಿನ ಜಾಗ ಹಾಕಿದರೆ ಆ ಪೋಸ್ಟನ್ನು ಕೂಡಲೇ ತೆಗೆಯಬೇಕು. ಹಕ್ಕಿ ವೀಕ್ಷಣೆ ದಾಖಲಿಸುವ ಇಬರ್ಡ್ ಜಾಲತಾಣ ಕೂಡ ಅಪಾಯದಲ್ಲಿರುವ ಕೆಲವು ಪ್ರಭೇದಗಳ ನಿಖರ ಜಾಗವನ್ನು ಮರೆಮಾಡುತ್ತದೆ. ತೆಗೆದ ಮೇಲೆ ಕಾರಣವನ್ನು ಎರಡು ಸಾಲಿನಲ್ಲಿ ಖಾಸಗಿಯಾಗಿ ಬರೆಯಿರಿ. ಗಟ್ಟಿಯಾಗಿ ಹೇಳುವಾಗ ಮಾತು ಕೆಲಸದ ಮೇಲಿರಲಿ, ಮನುಷ್ಯನ ಬುದ್ಧಿಯ ಮೇಲೆ ಹೋಗದಿರಲಿ.

ಇಷ್ಟಾದ ಮೇಲೂ ಬೇಕೆಂದೇ ಹಂಗಿಸುವವರು ಕೆಲವರು ಉಳಿಯುತ್ತಾರೆ. ಮೊದಲು ಖಾಸಗಿ ಮೆಸೇಜು: ಅವರು ಬರೆದ ವಾಕ್ಯವನ್ನೇ ಎತ್ತಿಹಾಕಿ, ಯಾವ ನಿಯಮ ಮುರಿಯಿತು ಎಂದು ತಿಳಿಸಿ. ಎರಡನೆಯ ಸಲ ಒಂದು ದಿನದ ತಡೆ, ಮೂರನೆಯ ಸಲ ಒಂದು ವಾರ, ಆಮೇಲೆ ಹೊರಗೆ. ಡಿಸ್ಕಾರ್ಡ್ ಎಂಬ ಚಾಟ್ ಆ್ಯಪಿನ ಟೈಮ್‌ಔಟ್‌ನಲ್ಲಿ (ಸದಸ್ಯರನ್ನು ಕೆಲಕಾಲ ತಡೆಹಿಡಿಯುವ ಸೌಲಭ್ಯ) ಈ ಎರಡೂ ಅವಧಿ ಸಿದ್ಧವಾಗಿಯೇ ಇವೆ. ಜಗಳ ಬಿಸಿಯಾದಾಗ ಸ್ಲೋ ಮೋಡ್ ಹಾಕಿ, ಅಂದರೆ ಒಂದು ಮೆಸೇಜು ಹಾಕಿದವರು ಇನ್ನೊಂದಕ್ಕೆ ಇಂತಿಷ್ಟು ಹೊತ್ತು ಕಾಯಬೇಕು. ಟೆಲಿಗ್ರಾಮ್‌ನಲ್ಲಿ ಅದು 1 ಗಂಟೆಯವರೆಗೆ, ಡಿಸ್ಕಾರ್ಡ್‌ನಲ್ಲಿ 6 ಗಂಟೆಯವರೆಗೆ ಹೋಗುತ್ತದೆ, ಆದರೆ ಹೆಚ್ಚಿನ ಜಗಳಕ್ಕೆ ಐದು ನಿಮಿಷವೇ ಧಾರಾಳ. ತಾನೇ ವಾದಕ್ಕಿಳಿದ ಅಡ್ಮಿನ್ ಆ ವಾದದಲ್ಲಿ ಕ್ರಮ ಕೈಗೊಳ್ಳಬಾರದು. ಪ್ರತಿ ಕ್ರಮಕ್ಕೂ ದಿನಾಂಕ, ಸ್ಕ್ರೀನ್‌ಶಾಟ್, ಕಾರಣ, ಯಾರು ತೆಗೆದುಕೊಂಡರು ಎಂಬ ನಾಲ್ಕು ಕಾಲಂನ ಹಾಳೆ ಅಡ್ಮಿನ್‌ಗಳ ನಡುವೆ ಇರಲಿ. ಕಷ್ಟ ಬರುವುದು ಗುಂಪಿನ ಅತಿ ದೊಡ್ಡ ಪಂಡಿತರೇ ಅತಿ ಒರಟರಾದಾಗ. ‘ಅವರು ಹೋದರೆ ಉತ್ತರ ಹೇಳುವವರ್ಯಾರು’ ಎಂಬ ಹೆದರಿಕೆ ಸಹಜ. ಅವರ ಕಳೆದ ಮೂವತ್ತು ಉತ್ತರ ತೆಗೆದು ನೋಡಿ, ಕೇಳಿದವರಲ್ಲಿ ಎಷ್ಟು ಮಂದಿ ಮತ್ತೆ ಬರೆದರು ಎಂದು ಎಣಿಸಿ. ತೀರ್ಮಾನಕ್ಕೆ ಆ ಎಣಿಕೆ ಸಾಕಾಗುತ್ತದೆ.

ಹಳೆಯ ಗುಂಪು ಕೈಮೀರಿದ್ದರೆ ಹೊಸದು ಕಟ್ಟಿ. ಹದಿನೈದು, ಇಪ್ಪತ್ತು ಜನರಿಂದ, ಆಹ್ವಾನದ ಮೇಲೆ ಮಾತ್ರ. ಸಿಟ್ಟಿನಿಂದ ಹುಟ್ಟಿದ ಗುಂಪಿಗೆ ಮೊದಲ ಅಪಾಯ ಹಳೆಯ ಗುಂಪಿನ ನಿಂದೆಯೇ ಅದರ ಮುಖ್ಯ ಹವ್ಯಾಸವಾಗುವುದು. ಅಲ್ಲಿಯ ಸ್ಕ್ರೀನ್‌ಶಾಟ್ ಇಲ್ಲಿಗೆ ತರಬಾರದು ಎಂಬುದು ಮೊದಲ ದಿನದ ನಿಯಮವಾಗಲಿ. ವಾರಕ್ಕೊಂದು ಸಣ್ಣ ಕೆಲಸ ಒಟ್ಟಿಗೆ ಮಾಡಿ: ಒಂದೇ ವಸ್ತುವಿನ ಫೋಟೋ, ಒಂದೇ ನಕ್ಷತ್ರಪುಂಜದ ವೀಕ್ಷಣೆ. ಅಡ್ಮಿನ್‌ಗಳು ಮೂವರಾದರೂ ಇರಲಿ, ಬೇರೆ ಬೇರೆ ಹೊತ್ತಿನಲ್ಲಿ ಎಚ್ಚರವಿರುವವರು. ಆರು ತಿಂಗಳಿಗೊಮ್ಮೆ ಒಬ್ಬರಾದರೂ ಬದಲಾಗಲಿ, ಅವರಿಗೂ ದಣಿವಾಗುತ್ತದೆ. ಗುಂಪಿನ ಒಡೆತನವನ್ನು ವರ್ಗಾಯಿಸುವುದು ಹೇಗೆಂದು ಇಬ್ಬರಿಗಾದರೂ ಮೊದಲೇ ತೋರಿಸಿಟ್ಟಿರಿ, ಸಿದ್ಧ ಉತ್ತರಗಳ ಒಂದು ಪ್ರತಿಯನ್ನು ಆ ಆ್ಯಪಿನ ಹೊರಗೂ ಇಡಿ.