ಚಳಿಯೂರಿನ ಪಿನೋ ನುವಾರ್

ನ್ಯೂಜಿಲೆಂಡಿನ ಬ್ಯಾನಕ್‌ಬರ್ನ್‌ಗೆ ಬಂದಿದ್ದೇನೆ, ಫೆಲ್ಟನ್ ರೋಡ್ ವೈನರಿ ನೋಡೋಣ ಅಂತ. 1992ರಲ್ಲಿ ಇಲ್ಲಿ ಬಳ್ಳಿ ನೆಟ್ಟರಂತೆ. ಮೊದಲ ವೈನ್ 1997ರ ಕೊಯ್ಲಿನದು.

ಪಿನೋ ನುವಾರ್ ಅನ್ನೋದು ಒಂದು ಕಪ್ಪು ದ್ರಾಕ್ಷಿ, ಅದರ ಕೆಂಪು ವೈನಿಗೂ ಅದೇ ಹೆಸರು. ಅವರ ಪಿನೋ ನುವಾರ್ ಗ್ಲಾಸನ್ನು ಬೆಳಕಿಗೆ ಹಿಡಿದರೆ ಹಿಂದಿರುವ ಬೆರಳು ಕಾಣುತ್ತದೆ. ಈ ದ್ರಾಕ್ಷಿಯ ಸಿಪ್ಪೆಯೇ ತೆಳು, ಅದಕ್ಕೆ ಬಣ್ಣವೂ ತಿಳಿ. ಬಾಯಿಗಿಟ್ಟರೆ ಮೊದಲು ಚೆರ್ರಿ, ಆಮೇಲೆ ನಾಲಿಗೆ ಅಂಚಲ್ಲಿ ನೇರಳೆ ಹಣ್ಣಿನಂಥ ಸಣ್ಣ ಒಗರು. ಎಷ್ಟು ಚೆನ್ನಾಗಿದೆ!

ಹಗಲು ಚುರುಕು ಬಿಸಿಲು, ರಾತ್ರಿ ಕೊರೆಯುವ ಚಳಿ. ಹಣ್ಣು ನಿಧಾನಕ್ಕೆ ಮಾಗುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ಚಳಿ ಜಾಸ್ತಿಯಾದರೆ ಚಿಗುರೇ ಸುಟ್ಟುಹೋಗುವ ಭಯವೂ ಇದೆ. ಇಷ್ಟು ಕಷ್ಟದ ಜಾಗದಲ್ಲೇ ಯಾಕೆ ಬೆಳೆಯುತ್ತಾರೆ ಅನ್ನೋದು ಆ ಗುಟುಕಲ್ಲೇ ಅರ್ಥವಾಯಿತು.

ಊರಲ್ಲಿ ಯುಗಾದಿಗೆ ಮಾವು ಚಿಗುರುವಾಗ ಇಲ್ಲಿ ದ್ರಾಕ್ಷಿ ಕೊಯ್ಲು. ಆಗ ಇನ್ನೊಮ್ಮೆ ಬರಬೇಕು.