ಪಕ್ಕದ ಹಸಿರು ಎಲೆ

ನಮ್ಮ ಮನೆಯಲ್ಲಿ ಟಿಎಂವಿ ಎಂದರೆ ಶೇಂಗಾ. ಚಳ್ಳಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ಪುನರ್ವಸು ಇಲ್ಲವೇ ಪುಷ್ಯ ಮಳೆ ಕೈಹಿಡಿದ ವರ್ಷ ಎಲ್ಲರೂ ಬಿತ್ತುತ್ತಿದ್ದದ್ದು ಟಿಎಂವಿ-2. ಅಪ್ಪನ ಬಾಯಲ್ಲಿ ಅದು ‘ಟಿಯಂಬಿ’. ಹಾಗಾಗಿ 1987ರಲ್ಲಿ, ದ್ವಿತೀಯ ಪಿಯುಸಿಯ ಸಸ್ಯಶಾಸ್ತ್ರದ ತರಗತಿಯಲ್ಲಿ, ಮೇಷ್ಟ್ರು ಟಿಎಂವಿ ಒಂದು ವೈರಸ್ಸು ಎಂದಾಗ ನಾನು ಎದ್ದು ನಿಂತೆ. “ಸಾರ್, ಅದು ನಮ್ಮ ಹೊಲದಲ್ಲಿದೆ” ಎಂದೆ.

ತರಗತಿಯಲ್ಲಿ ನಗು ಎದ್ದಿತು. ಮೇಷ್ಟ್ರು ನಗಲಿಲ್ಲ. ಯಾವ ಊರು, ಎಷ್ಟು ಎಕರೆ, ಯಾವಾಗಿನಿಂದ ಬಿತ್ತುತ್ತಿದ್ದೀರಿ ಎಂದು ಕೇಳಿದರು. ಆಮೇಲೆ ಬೋರ್ಡಿನ ಮೇಲೆ ಅದೇ ಮೂರು ಅಕ್ಷರಗಳನ್ನು ಎರಡು ಸಲ ಬರೆದರು. ಒಂದರ ಕೆಳಗೆ ‘ತಿಂಡಿವನಂ’ ಎಂದು ಬರೆದು, ಅದು ತಮಿಳುನಾಡಿನ ಊರು, ಅಲ್ಲಿನ ಸಂಶೋಧನಾ ಕೇಂದ್ರ 1940ರಲ್ಲಿ ಬಿಡುಗಡೆ ಮಾಡಿದ ಶೇಂಗಾ ತಳಿ ಇವಳ ಮನೆಯದು ಎಂದರು. ಇನ್ನೊಂದರ ಕೆಳಗೆ ‘ತಂಬಾಕು ಮೊಸಾಯಿಕ್ ವೈರಸ್’ ಎಂದು ಬರೆದರು. ರೋಗ ತಗುಲಿದ ತಂಬಾಕು ಎಲೆಯ ರಸವನ್ನು ಬ್ಯಾಕ್ಟೀರಿಯಾವನ್ನು ಕೂಡ ಬಿಡದಂಥ ಪಿಂಗಾಣಿ ಶೋಧಕದಲ್ಲಿ ಸೋಸಿದರೂ ಅದು ರೋಗ ತರುತ್ತಲೇ ಇತ್ತು ಎಂಬುದನ್ನು 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ಕಂಡದ್ದು, 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದನ್ನು ‘ಜೀವಂತ ಸೋಂಕುದ್ರವ’ ಎಂದು ಕರೆದದ್ದು, ಎಲ್ಲವನ್ನೂ ಅಂದೇ ಹೇಳಿದರು. ನನ್ನ ಪ್ರಶ್ನೆಗೆ ಇಡೀ ಒಂದು ಪೀರಿಯಡ್ ಕೊಟ್ಟ ಮೊದಲ ಮನುಷ್ಯ ಅವರು.

ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಕೇಳಿದಾಗ ನನಗೆ ಕಟ್ಟಡ ನೆನಪಾಗಲಿಲ್ಲ, ಕೊಠಡಿಯ ಕಿಟಕಿಯಿಂದ ಕಾಣುತ್ತಿದ್ದ ಕೋಟೆಯೂ ನೆನಪಾಗಲಿಲ್ಲ. ನೆನಪಾದದ್ದು ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ರಸ್ತೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ಆ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ಜೇಬಿನಲ್ಲಿ ಒಂದು ಭೂತಗನ್ನಡಿ, ಬಗಲಲ್ಲಿ ಹಳೆಯ ಪತ್ರಿಕೆಗಳ ಕಟ್ಟು. ಒಂದು ಶನಿವಾರ ರಸ್ತೆ ಬದಿಯ ಕ್ರೋಟನ್ ಕಳೆಗಿಡಗಳ ಎಲೆಗಳಲ್ಲಿ ನರಗಳೆಲ್ಲ ಹಳದಿಯಾಗಿ, ಎಲೆಯ ಮೇಲೆ ಚಿನ್ನದ ಬಲೆ ಹಾಸಿದಂತೆ ಕಾಣುತ್ತಿತ್ತು. ಅಷ್ಟು ಚೆಂದದ ಎಲೆಯನ್ನು ನಾವು ನೋಡಿರಲಿಲ್ಲ. ಎಲ್ಲರೂ ಪೈಪೋಟಿಯ ಮೇಲೆ ಕಿತ್ತು ತಂದೆವು. ಮೇಷ್ಟ್ರು ಒಂದೊಂದನ್ನೂ ನೋಡಿ, “ಇದರ ಪಕ್ಕದಲ್ಲಿ ಹಳದಿಯಾಗದ ಗಿಡ ಇರಲಿಲ್ಲವೇ?” ಎಂದು ಕೇಳಿದರು.

“ಇತ್ತು ಸಾರ್.”

“ಮತ್ತೆ ಅದನ್ನೇಕೆ ಬಿಟ್ಟು ಬಂದಿರಿ? ಒಂದೇ ಮಣ್ಣು, ಒಂದೇ ಗಾಳಿ, ಈ ರೋಗ ಹರಡುವ ಬಿಳಿನೊಣವೂ ಒಂದೇ. ಇದಕ್ಕೆ ಬಂದದ್ದು ಅದಕ್ಕೇಕೆ ಬರಲಿಲ್ಲ? ಹೋಗಿ ಅದನ್ನೂ ತನ್ನಿ.”

ಬಿಸಿಲಲ್ಲಿ ಮತ್ತೆ ಹಿಂದಕ್ಕೆ ನಡೆದೆವು. ಆ ದಿನ ಒಂದೇ ಹಾಳೆಯಲ್ಲಿ ಹಳದಿ ಎಲೆ, ಹಸಿರು ಎಲೆ ಎರಡನ್ನೂ ಪಕ್ಕಪಕ್ಕ ಅಂಟಿಸಿ ಊರು, ದಿನಾಂಕ ಬರೆದೆ. ಆ ಹಾಳೆ ಈಗಲೂ ನನ್ನಲ್ಲಿದೆ.

ಪಿಯುಸಿ ಮುಗಿದಾಗ ಅಪ್ಪನಿಗೆ ನನ್ನನ್ನು ಶಿಕ್ಷಕಿ ಮಾಡಬೇಕೆಂಬ ಆಸೆ. ಮೇಷ್ಟ್ರು ಬಸ್ ಹತ್ತಿ ನಮ್ಮ ಊರಿಗೇ ಬಂದರು. ಅವ್ವ ಕೊಟ್ಟ ಹುರಿದ ಶೇಂಗಾ, ಬೆಲ್ಲ ತಿಂದು, ಮಾತಿಗೆ ಕೂರುವ ಬದಲು ಹೊಲ ನೋಡೋಣ ಎಂದರು. ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಸುಳಿ ಕರಿದಾಗಿ ಗಿಡ್ಡವಾಗಿ ನಿಂತಿತ್ತು. ಪ್ರತಿ ವರ್ಷ ಇಷ್ಟು ಹೋಗುವುದು ಇದ್ದದ್ದೇ ಎಂದರು ಅಪ್ಪ. ಮೇಷ್ಟ್ರು ಮಂಡಿಯೂರಿ ಆ ಗಿಡವನ್ನು ನೋಡಿದರು. “ಇದಕ್ಕೆ ಹೀಗೇಕಾಯಿತು ಎಂದು ಹೇಳುವಷ್ಟು ನಾನು ಓದಿಲ್ಲ ಗೌಡರೇ. ನಿಮ್ಮ ಮಗಳು ಓದಿದರೆ ಹೇಳಿಯಾಳು” ಎಂದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಬೆಂಗಳೂರಿಗೆ ಹೋಗುವ ಖರ್ಚೆಷ್ಟು ಎಂದು ಕೇಳಿದರು. ತನಗೆ ಗೊತ್ತಿಲ್ಲ ಎಂದು ಒಬ್ಬ ಮೇಷ್ಟ್ರು ಒಬ್ಬ ರೈತನ ಮುಂದೆ ಒಪ್ಪಿಕೊಂಡದ್ದರಿಂದ ನನ್ನ ಬದುಕಿನ ದಾರಿ ತೆರೆಯಿತು.

ಕೃಷಿ ಪದವಿ, ಸ್ನಾತಕೋತ್ತರ, ಸಂಶೋಧನೆ ಎಂದು ಬೆಂಗಳೂರಿನಲ್ಲಿ ವರ್ಷಗಳು ಹೋದವು. ಆ ಕಾಲದ ಕಷ್ಟಗಳು ಎಲ್ಲ ಹಳ್ಳಿ ಮಕ್ಕಳಿಗೂ ಇದ್ದವೇ. ಪ್ರಯೋಗಾಲಯದಲ್ಲಿ ಮೊದಲು ಕಲಿತದ್ದನ್ನು ಮಾತ್ರ ಹೇಳಬೇಕು. ರೋಗದ ಎಲೆಯನ್ನು ತಣ್ಣಗಿನ ಒರಳಿನಲ್ಲಿ ಅರೆದು, ಎಳೆಯ ಅಲಸಂದೆಯ ಎಲೆಯ ಮೇಲೆ ಸಣ್ಣ ಗೀರು ಮೂಡಿಸುವ ಕಾರ್ಬೊರಂಡಂ ಎಂಬ ನುಣ್ಣನೆಯ ಪುಡಿ ಉದುರಿಸಿ, ಆ ರಸವನ್ನು ಬೆರಳಿನಿಂದ ಸವರಬೇಕು. ಹೆಚ್ಚು ಒತ್ತಿದರೆ ಎಲೆ ಸಾಯುತ್ತದೆ, ಕಡಿಮೆ ಒತ್ತಿದರೆ ವೈರಸ್ಸು ಒಳಗೆ ಹೋಗುವುದಿಲ್ಲ. ಕೆಲವು ದಿನಗಳಲ್ಲಿ ಎಲೆಯ ಮೇಲೆ ಚುಕ್ಕೆಗಳು ಏಳುತ್ತವೆ. ಅದಕ್ಕೆ ನಾವು ಬಳಸುತ್ತಿದ್ದ ಅಲಸಂದೆ ಸಿ-152, ನಮ್ಮ ಕಡೆಯ ರೈತರು ಬಿತ್ತುವ ತಳಿಯೇ. ಶೇಂಗಾದ ಸುಳಿ ಸುಡುವ ವೈರಸ್ಸು ಮೊದಲ ಸಲ ನನ್ನ ಕೈಯಿಂದ ಆ ಎಲೆಯ ಮೇಲೆ ಮೂಡಿದ ದಿನ ಅಪ್ಪನಿಗೆ ಕಾಗದ ಬರೆದೆ. ಥ್ರಿಪ್ಸ್ ಎಂಬ ಕೂದಲೆಳೆಯಷ್ಟು ಸಣ್ಣ ಕೀಟ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ ಎಂದು ತಿಳಿಸಿದೆ.

ನನ್ನ ಪಾಲಿಗೆ ಬಂದ ಬೆಳೆ ತೊಗರಿ. ನಮ್ಮಲ್ಲಿ ಶೇಂಗಾದ ನಡುವೆ ಅಕ್ಕಡಿ ಸಾಲಾಗಿ ನಿಲ್ಲುವ ತೊಗರಿಗೆ ಗೊಡ್ಡು ರೋಗ ಬರುತ್ತದೆ. ಗಿಡ ಪೊದೆಯಂತೆ ಕವಲೊಡೆಯುತ್ತದೆ, ಎಲೆ ಸಣ್ಣದಾಗಿ ಬಿಳಿಚಿಕೊಳ್ಳುತ್ತದೆ, ಹೂವೇ ಬಿಡುವುದಿಲ್ಲ. ಬಿತ್ತಿದ ಮೊದಲ 45 ದಿನಗಳೊಳಗೆ ತಗುಲಿದರೆ ಆ ಗಿಡದಿಂದ ಹೆಚ್ಚುಕಡಿಮೆ ಒಂದು ಕಾಳೂ ಸಿಗುವುದಿಲ್ಲ. 1931ರಲ್ಲಿ ಬಿಹಾರದ ಪೂಸಾದಲ್ಲಿ ಈ ರೋಗವನ್ನು ಮೊದಲು ದಾಖಲಿಸಿದರು. ಬರಿಗಣ್ಣಿಗೆ ಕಾಣದ ಒಂದು ನುಸಿ ಇದನ್ನು ಹರಡುತ್ತದೆ ಎಂಬುದು ಗೊತ್ತಾಯಿತು. ಆದರೆ ನುಸಿ ಹೊತ್ತು ತರುವುದು ಏನನ್ನು ಎಂಬುದು ಮಾತ್ರ ಸುಮಾರು 70 ವರ್ಷ, 2000ದ ಹೊತ್ತಿನವರೆಗೂ, ಯಾರ ಕೈಗೂ ಸಿಗಲಿಲ್ಲ. ನಾನು ಕೆಲಸಕ್ಕೆ ಇಳಿದಾಗ ಅದು ವೈರಸ್ಸು ಎಂಬ ಬಲವಾದ ಅನುಮಾನವಿತ್ತು, ಸಾಕ್ಷ್ಯವಿರಲಿಲ್ಲ. ಆದರೂ ತಡೆದುಕೊಳ್ಳುವ ತಳಿ ಹುಡುಕುವುದನ್ನು ಯಾರೂ ನಿಲ್ಲಿಸಿರಲಿಲ್ಲ. ಪಕ್ಕದ ಹಸಿರು ಗಿಡವನ್ನು ಹುಡುಕಲು ರೋಗದ ಹೆಸರು ಬೇಕಾಗಿಲ್ಲ ಎಂಬುದು ನನಗೆ ಜೋಗಿಮಟ್ಟಿಯ ರಸ್ತೆಯಲ್ಲೇ ಗೊತ್ತಾಗಿತ್ತು.

ಹಾಗೆಂದುಕೊಂಡೇ ಎಡವಿದೆ. ಹಿರಿಯೂರಿನ ಹತ್ತಿರದ ಒಂದು ಹೊಲದಲ್ಲಿ ಗೊಡ್ಡಾದ ಸಾಲುಗಳ ನಡುವೆ ನಾಲ್ಕು ಗಿಡ ಮೈತುಂಬ ಹೂ ಬಿಟ್ಟು ನಿಂತಿದ್ದವು. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಆ ಗಿಡಗಳ ಕಾಳನ್ನು ಬೇರೆಬೇರೆ ಚೀಲದಲ್ಲಿ ಕಟ್ಟಿ ತಂದು ಮರುವರ್ಷ ಬಿತ್ತಿದೆ. ಎಲ್ಲವೂ ಗೊಡ್ಡಾದವು. ಆ ನಾಲ್ಕು ಗಿಡಗಳಲ್ಲಿ ಯಾವ ಶಕ್ತಿಯೂ ಇರಲಿಲ್ಲ. ಗಾಳಿ ಬೀಸಿದ ದಿಕ್ಕಿನಿಂದಾಗಿ ನುಸಿ ಅವುಗಳ ಮೇಲೆ ಬಂದು ಕೂತಿರಲಿಲ್ಲ, ಅಷ್ಟೇ. ರೋಗ ಬಾರದಿರುವುದು ಬೇರೆ, ರೋಗವನ್ನು ತಡೆಯುವುದು ಬೇರೆ. ಒಂದು ವರ್ಷದ ಬೆಳೆ ಕಳೆದುಕೊಂಡು ಕಲಿತ ಈ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ.

ಆಮೇಲೆ ನಾವು ಗಾಳಿಯನ್ನು ನಂಬಲಿಲ್ಲ. ರೋಗದ ಗಿಡದಿಂದ ನುಸಿ ತುಂಬಿದ ಎಲೆಯನ್ನು ತಂದು, ಮಡಚಿ, ಎಳೆ ಸಸಿಯ ಎಲೆಗೆ ಸ್ಟೇಪ್ಲರ್ ಪಿನ್ನಿನಿಂದ ಹೊಡೆಯುತ್ತಿದ್ದೆವು. ಕಚೇರಿಯಲ್ಲಿ ಕಾಗದ ಸೇರಿಸುವ ಅದೇ ಸ್ಟೇಪ್ಲರ್. ಒಣಗುತ್ತಿರುವ ಎಲೆ ಬಿಟ್ಟು ನುಸಿಗಳು ಹಸಿ ಎಲೆಗೆ ಇಳಿಯುತ್ತವೆ, ಯಾವ ಸಸಿಗೂ ತಪ್ಪಿಸಿಕೊಳ್ಳುವ ದಾರಿಯಿರುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿ ಪಿನ್ನು ಹೊಡೆದು ಬೆರಳು ಬಾತುಕೊಳ್ಳುತ್ತಿತ್ತು. ನನ್ನೊಡನೆ ಸಾಲಿನಲ್ಲಿದ್ದ ಕೂಲಿ ಹೆಣ್ಣುಮಕ್ಕಳು ಸಂಜೆಯ ಹೊತ್ತಿಗೆ ನನಗಿಂತ ಎರಡು ಸಾಲು ಮುಂದಿರುತ್ತಿದ್ದರು. ಸಂಶೋಧನಾ ಲೇಖನಗಳಲ್ಲಿ ಅವರ ಹೆಸರು ಬರಲಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ. ಇಷ್ಟೆಲ್ಲ ಮಾಡಿ ಹೈದರಾಬಾದ್ ಬಳಿಯ ಪಟಂಚೆರುವಿನ ಸಂಶೋಧನಾ ಸಂಸ್ಥೆಯಲ್ಲಿ ಗಟ್ಟಿಯಾಗಿ ನಿಂತ ತಳಿಗಳಲ್ಲಿ ಅನೇಕವು ಬೆಂಗಳೂರಿಗೆ ಬಂದರೆ ಸೋತುಬಿಡುತ್ತಿದ್ದವು, ಏಕೆಂದರೆ ನಮ್ಮ ಕಡೆಯ ರೋಗದ ಬಗೆ ಹೆಚ್ಚು ಉಗ್ರವಾದದ್ದು. ಎರಡೂ ಕಡೆ ತಡೆದುಕೊಂಡ ಕೆಲವೇ ತಳಿಗಳಲ್ಲಿ ಐಸಿಪಿ 7035 ಒಂದು. ಸುತ್ತಲೂ ಬಿಳಿಚಿಕೊಂಡ ಸಾಲುಗಳ ನಡುವೆ ಅದರ ಸಾಲು ಕಡುಹಸಿರಾಗಿ ನಿಂತದ್ದನ್ನು ನೋಡಿದಾಗ ನಾನು ಅಲ್ಲೇ ಬದುವಿನ ಮೇಲೆ ಕುಳಿತೆ.

ಇನ್ನು 2000ದ ಮುಂಗಾರಿನ ಮಾತು. ಅಕ್ಕನನ್ನು ಕೊಟ್ಟಿದ್ದು ಗಡಿಯಾಚೆ, ರಾಯದುರ್ಗದ ಕಡೆಗೆ. ಅಲ್ಲಿಂದ ಫೋನು ಬಂತು. “ಹೊಲವೆಲ್ಲ ಬೆಂಕಿ ಬಿದ್ದ ಹಾಗೆ ಕಾಣುತ್ತಿದೆ, ಒಂದು ಸಲ ಬಂದು ನೋಡು ತಂಗಿ” ಎಂದಳು. ಹೋದೆ. ಶೇಂಗಾದ ಸುಳಿ ಸತ್ತು, ಕಾಂಡ ಕಪ್ಪಾಗಿ, ಗಿಡಕ್ಕೆ ಗಿಡವೇ ಒಣಗಿ ನಿಂತಿತ್ತು. ಬೀಜ ಕೊಟ್ಟವನೇ ಮೋಸ ಮಾಡಿದ ಎಂದು ಭಾವ ಅಂಗಡಿಗೆ ಹೋಗಿ ಜಗಳವಾಡಿ ಬಂದಿದ್ದರು. ಆ ಒಂದು ಹಂಗಾಮಿನಲ್ಲಿ ಅನಂತಪುರ ಜಿಲ್ಲೆಯಲ್ಲಿ ಸುಮಾರು 2,25,000 ಹೆಕ್ಟೇರ್ ಶೇಂಗಾಕ್ಕೆ ಈ ರೋಗ ತಗುಲಿತು, ನಷ್ಟ 300 ಕೋಟಿ ರೂಪಾಯಿ ಮೀರಿತು. ನೋಡಿದವರೆಲ್ಲ ಇದು ಹಳೆಯ ಸುಳಿ ಸಾಯುವ ರೋಗವೇ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡು ಎಲೆಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಂದು ಎಲೈಸಾ ಪರೀಕ್ಷೆ ಮಾಡಿದೆ. ಆ ಹಳೆಯ ರೋಗದ ವೈರಸ್ಸು ಇದ್ದರೆ ತಟ್ಟೆಯ ಗುಳಿಗಳಲ್ಲಿ ಹಳದಿ ಬಣ್ಣ ಬರಬೇಕು. ಒಂದು ಗುಳಿಯಲ್ಲೂ ಬರಲಿಲ್ಲ.

ಕಾರಣವನ್ನು ಬಿಡಿಸಿದವರು ಪಟಂಚೆರುವಿನಲ್ಲಿರುವ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು. ಅದು ತಂಬಾಕು ಗೆರೆ ವೈರಸ್ಸು. 1997ರಲ್ಲಿ ಬಾಗೇಪಲ್ಲಿಯ ಬಳಿ ಸೂರ್ಯಕಾಂತಿಯಲ್ಲಿ ಮೊದಲು ಕಂಡ ಒಣಗು ರೋಗದ ಹಿಂದೆ ಇದ್ದದ್ದೂ ಅದೇ. ಬೀಜದಿಂದ ಬಂದದ್ದಲ್ಲ ಎಂಬುದೂ ತಿಳಿಯಿತು. ಭಾವನಿಗೆ ಹೇಳಿದೆ, ಅಂಗಡಿಯವನ ಮೇಲೆ ಹೊರಿಸಿದ ತಪ್ಪು ಅವನದಲ್ಲ ಎಂದು. “ಹಾಗಾದರೆ ಯಾರದು?” ಎಂದರು. ಅವರ ಕಾಲಬಳಿಯೇ ಬದುವಿನ ತುಂಬ ಕಾಂಗ್ರೆಸ್ ಹುಲ್ಲು ಬಿಳಿ ಹೂ ಬಿಟ್ಟು ನಿಂತಿತ್ತು.

ಆ ಪಾರ್ಥೇನಿಯಂ ಗಿಡದಲ್ಲಿ ಒಂದು ಚುಕ್ಕೆಯಿಲ್ಲ, ಒಂದು ಎಲೆ ಹಳದಿಯಾಗಿಲ್ಲ. ಮೈಯೊಳಗೆ ವೈರಸ್ಸು ತುಂಬಿಕೊಂಡೂ ಅದು ಹಸಿರಾಗಿಯೇ ಇರುತ್ತದೆ. ಅದರ ಪರಾಗದಲ್ಲಿ ವೈರಸ್ಸು ಇರುತ್ತದೆ. ಗಾಳಿಯಲ್ಲಿ ಬಂದೋ ಥ್ರಿಪ್ಸ್ ಮೈಗೆ ಮೆತ್ತಿಕೊಂಡೋ ಆ ಪರಾಗ ಶೇಂಗಾದ ಎಲೆ ಸೇರುತ್ತದೆ. ಥ್ರಿಪ್ಸ್ ಎಲೆಯನ್ನು ಕೆರೆದು ಮಾಡಿದ ಗಾಯದಿಂದ ವೈರಸ್ಸು ಒಳಗಿಳಿಯುತ್ತದೆ. ಮಳೆಯಾದಾಗಲೆಲ್ಲ ಹೊಸದಾಗಿ ಹುಟ್ಟಿ ಹೂ ಬಿಡುವ ಕಳೆಯಾದ್ದರಿಂದ ಪರಾಗಕ್ಕೆ ಬರವಿಲ್ಲ. ಹೊಲದ ಸುತ್ತ ಜೋಳದ ಸಾಲು ಹಾಕುವುದು, ಬದುವಿನ ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೇ ಕೀಳುವುದು, ಮುಂದೆ ನಾವು ಊರೂರಿಗೆ ಹೋಗಿ ಹೇಳಿದ್ದು ಇಷ್ಟನ್ನೇ. ಕಳೆಯನ್ನು ಎಲ್ಲರೂ ಒಟ್ಟಿಗೆ ಕೀಳದೆ ಒಬ್ಬರ ಹೊಲ ಉಳಿಯುವುದಿಲ್ಲ. ಬೀಳು ಭೂಮಿಯ, ರಸ್ತೆ ಬದಿಯ ಕಳೆಯನ್ನು ಕೀಳುವವರು ಯಾರೆಂಬುದಕ್ಕೆ ಯಾವ ಸಭೆಯಲ್ಲೂ ಉತ್ತರ ಸಿಗಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

2003ರಲ್ಲಿ ಚಿತ್ರದುರ್ಗಕ್ಕೆ ಬಂದಾಗ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿದ್ದರು, ಒಂದು ಕಣ್ಣಿನ ದೃಷ್ಟಿ ಮಂಜಾಗಿತ್ತು. ಹಿರಿಯೂರಿನ ನಾಲ್ಕು ಗಿಡಗಳ ಕತೆ ಹೇಳಿದೆ, ಸ್ಟೇಪ್ಲರ್ ಕತೆ ಹೇಳಿದೆ, ಅಕ್ಕನ ಹೊಲದ ಬದುವಿನ ಕತೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಆರಿಹೋಯಿತು. ಆಮೇಲೆ, “ಹಾಗಾದರೆ ಅವತ್ತು ನೀವು ಎರಡನೆಯ ಸಲ ಹೋಗಿ ತಂದಿರಲ್ಲ ಹಸಿರು ಎಲೆ, ಅದು ಮೂರರಲ್ಲಿ ಯಾವುದು?” ಎಂದು ಕೇಳಿದರು. ನುಸುಳಿ ಉಳಿದದ್ದೋ, ತಡೆದು ನಿಂತದ್ದೋ, ಒಳಗೇ ಹೊತ್ತುಕೊಂಡದ್ದೋ?

“ಗೊತ್ತಿಲ್ಲ ಸಾರ್” ಎಂದೆ.

“ನೋಡಮ್ಮ ಮತ್ತೆ” ಎಂದರು.

ನಾನು ನೋಡಲಿಲ್ಲ. ಒಂದು ಯೋಜನೆಯ ಮೇಲೆ ಇನ್ನೊಂದು ಬಂತು. ಮೇಷ್ಟ್ರು ತೀರಿಕೊಂಡ ಸುದ್ದಿ ತಲುಪಿದಾಗ ನಾನು ದೂರದಲ್ಲಿದ್ದೆ. ಕ್ರೋಟನ್ ಎಲೆಗೆ ಹಳದಿ ಬಲೆ ನೇಯುವ ವೈರಸ್ಸಿನ ಒಳಗಿರುವುದು ಡಿಎನ್‌ಎ, ಒಣಗಿಸಿ ಇಟ್ಟ ಎಲೆಯಲ್ಲೂ ಅದನ್ನು, ಚೂರೇ ಇದ್ದರೂ ಹಲವು ಪಟ್ಟು ಹೆಚ್ಚಿಸಿ ತೋರಿಸುವ ಪಿಸಿಆರ್‌ನಿಂದ ಹುಡುಕಬಹುದು. ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಈಗ ಪಿಸಿಆರ್ ಯಂತ್ರ ಬಂದಿದೆ ಎಂದು ಕೇಳಿದೆ. ಮುಂದಿನ ತಿಂಗಳು ಆ 1987ರ ಹಾಳೆಯನ್ನು ತಂದು ಕೊಡುತ್ತೇನೆ. ಬಲಗಡೆಯ ಹಸಿರು ಎಲೆಯ ಅಂಚಿನಿಂದ ಉಗುರಿನಗಲದ ಚೂರು ಸಾಕು. ಹಳದಿ ಎಲೆಯದನ್ನೂ ಜೊತೆಗೆ ತೆಗೆದುಕೊಳ್ಳಿ, ಹೋಲಿಸಲು ಬೇಕಾಗುತ್ತದೆ.