ಹೊಂಗಾರೆ ಮರದ ಮೀನು ಮತ್ತು ನನ್ನ ಮೊದಲ ಕಾಳಾಂಜಿ

ಆಗಸ್ಟ್ 17

ತುಳುವಿನ ಆಟಿ ತಿಂಗಳು ಮುಗಿಯಿತು. ಇವತ್ತು ಸೋಣ ಸಂಕ್ರಮಣ. ಕಳೆದ ವರ್ಷದ ಗಾಳಿಮಳೆಗೆ ಮುರಿದು ಬಿದ್ದಿದ್ದ ಹೊಂಗಾರೆ ಗೆಲ್ಲನ್ನು ಅಟ್ಟದಿಂದ ಇಳಿಸಿದೆ. ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದ ಮರ ಅದು. ವರ್ಷವಿಡೀ ಒಲೆಯ ಹೊಗೆ ಕುಡಿದು ಚೆನ್ನಾಗಿ ಒಣಗಿದೆ. ಎತ್ತಿದರೆ ಕೈಗೆ ಭಾರವೇ ಗೊತ್ತಾಗುವುದಿಲ್ಲ.

ಇದರಲ್ಲಿ ಒಂದು ಮೀನು ಕೆತ್ತಬೇಕು. ಮೀನು ಹಿಡಿಯಲು ಮೀನು. ಅಂಗಡಿಯಿಂದ ತಂದ ಲ್ಯೂರುಗಳು, ಅಂದರೆ ಗಾಳಕ್ಕೆ ಕಟ್ಟುವ ಕೃತಕ ಮೀನುಗಳು, ನನ್ನ ಪೆಟ್ಟಿಗೆಯಲ್ಲಿ ಬೇಕಾದಷ್ಟಿವೆ, ಅವುಗಳಲ್ಲಿ ಮೀನು ಹಿಡಿದದ್ದೂ ಇದೆ. ಆದರೆ ನಮ್ಮ ತೋಟದ ಮರದಲ್ಲಿ ನಾನೇ ಮಾಡಿದ್ದಕ್ಕೆ ಒಂದು ಕಾಳಾಂಜಿ ಬೀಳಬೇಕು. ಅದೂ ನಾನು ಮೊದಲ ಕಾಳಾಂಜಿ ಹಿಡಿದ ಜಾಗದಲ್ಲೇ. ಕಾಸರಗೋಡಿನ ಶಿರಿಯ ಹೊಳೆ, ಆರಿಕ್ಕಾಡಿಯ ಆಸುಪಾಸು, ಒಂದು ತೋಡು ಬಂದು ಹೊಳೆಗೆ ಸೇರುವ ಕಡೆ. ಅದಕ್ಕಿಂತ ಜಾಸ್ತಿ ಗುರುತು ಹೇಳುವುದಿಲ್ಲ. ಯಾಕೆ ಅಂತ ಗಾಳ ಹಾಕುವವರಿಗೆ ಗೊತ್ತಲ್ವಾ?

ನಮ್ಮಲ್ಲಿ ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಈ ಮೀನಿಗೆ ಪೇಟೆಯ ಹೆಸರೇ ಗಟ್ಟಿಯಾಗಿ ನಿಂತಿದೆ, ಕಾಳಾಂಜಿ. ಏಷ್ಯನ್ ಸೀಬಾಸ್ ಅನ್ನುವುದು ಇದನ್ನೇ. ಬಂಗಾಳದವರ ಭೇಟ್ಕಿ, ತಮಿಳರ ಕೊಡುವಾ, ಆಸ್ಟ್ರೇಲಿಯಾದವರ ಬಾರಮುಂಡಿ, ಎಲ್ಲ ಒಂದೇ.

ಆಗಸ್ಟ್ 31

ಒಂದನೇ ಮೀನು ತಯಾರು. 9 ಸೆಂಟಿಮೀಟರ್ ಉದ್ದ. ಪೀಶಕತ್ತಿಯಲ್ಲಿ ಕೆತ್ತಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಮಾಲೆ ಮೀನಿನ ಮರಿಯ ಆಕಾರಕ್ಕೆ ತಂದೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ.

ನಮ್ಮ ತೋಟದ ಮೇಲ್ಗಡೆ ಗುಡ್ಡದ ಸುರಂಗದಿಂದ ನೀರು ಬಂದು ಬೀಳುವ ಟ್ಯಾಂಕಿ ಇದೆ. ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ತೋಡಿದ ಸುರಂಗ, ಅಜ್ಜನ ಕಾಲದ್ದು. ಆ ನೀರು ಕನ್ನಡಿಯ ಹಾಗಿರುತ್ತದೆ, ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಿಟ್ಟ ಕೂಡಲೇ ಮೀನು ಮಗುಚಿ ಬಿತ್ತು. ಎಳೆದರೆ ಗಿರಗಿರ ತಿರುಗುತ್ತದೆ, ಈಜುವುದಿಲ್ಲ. ಹೊಟ್ಟೆಯಲ್ಲಿ ಭಾರ ಬೇಕು. ನಾಳೆ ಬಲೆಯ ಸೀಸದ ಮಣಿ ತರಬೇಕು.

ಸೆಪ್ಟೆಂಬರ್ 8

ಕೆಲಸ ಏನೂ ಆಗಲಿಲ್ಲ. ಮೊನ್ನೆ ಓಣಂ ಆಯಿತು, ನಿನ್ನೆ ಹುಣ್ಣಿಮೆ. ಪ್ರತಿ ವರ್ಷ ಈ ನಾಲ್ಕು ದಿನ ನನಗೆ ಅದೇ ನೆನಪು. ಇವತ್ತು ಅದನ್ನು ಬರೆದೇ ಬಿಡುತ್ತೇನೆ.

1998ರ ಓಣಂ ರಜೆ. ನಾನು ಆರನೇ ಕ್ಲಾಸು. ರಜೆಗೆ ಅಮ್ಮನ ಜೊತೆ ಮಾಮನ ಮನೆಗೆ ಹೋಗಿದ್ದೆ. ಮನೆಯ ಹಿಂದೆ ಗದ್ದೆ, ಗದ್ದೆಯ ಆಚೆ ಹೊಳೆ. ಮಾಮ ಹಗಲು ಬೀಡಿ ಬ್ರಾಂಚಿನಲ್ಲಿ ಕೆಲಸಕ್ಕಿದ್ದರು, ಸಂಜೆಯಾದರೆ ಹೊಳೆಬದಿಯಲ್ಲಿ. ಅವರ ಹತ್ತಿರ ರಾಡೂ ಇಲ್ಲ, ರೀಲೂ ಇಲ್ಲ. ಅಡಿಕೆ ಮರದ ಸಲಾಕೆಯ ತುಂಡಿಗೆ ಸುತ್ತಿದ ತಂಗೂಸಿ (ನೈಲಾನ್) ದಾರ, ತುದಿಯಲ್ಲಿ ಒಂದು ಗಾಳ, ಅಷ್ಟೇ. ಬೀಸುಬಲೆಯಲ್ಲಿ ಹಿಡಿದ ಮಾಲೆ ಮರಿಗಳು ಬಾಲ್ದಿಯಲ್ಲಿ ಜೀವಂತ ಇದ್ದವು.

ನಾವು ಹೋದಾಗ ಹೊಳೆ ತುಂಬಿ ನಿಂತಿತ್ತು. ನಾನು ಬಾಲ್ದಿಗೆ ಕೈ ಹಾಕಿದೆ. ಮಾಮ, "ಈಗಲೇ ಬೇಡ ಮಗಾ, ನೀರು ತಿರುಗಲಿ" ಅಂದರು. ಒಂದು ಹಲಸಿನ ಎಲೆ ಹೆಕ್ಕಿ ತೋಡಿಗೆ ಹಾಕಿದರು. ಎಲೆ ಇದ್ದಲ್ಲೇ ಇತ್ತು. ಸುಮ್ನೆ ಸ್ವಲ್ಪ ಸುತ್ತು ತಿರುಗಿತು. ತುಂಬಾ ಹೊತ್ತು ಹಾಗೇ. ಆಮೇಲೆ ಯಾರೋ ಮೆಲ್ಲ ದಾರ ಕಟ್ಟಿ ಎಳೆದ ಹಾಗೆ ಹೊಳೆಯ ಕಡೆಗೆ ಹೊರಟಿತು.

ಈಗ ಹಾಕಬಹುದು ಅಂತ ನಾನು ಎದ್ದೆ. ಆಗಲೂ ಮಾಮ ಬಿಡಲಿಲ್ಲ. ಹೊಳೆಬದಿಯ ಕಾಂಡ್ಲ ಗಿಡದ ಬೇರು ತೋರಿಸಿದರು. ಬೇರಿನ ಮೇಲೆ ನೀರು ಇಳಿದ ಕಡೆ ಒದ್ದೆಯ ಗುರುತು ಇರುತ್ತದೆ. ಆ ಗುರುತಿನಿಂದ ಕೆಳಗೆ ನೀರಿನ ತನಕ ಒಂದು ಗೇಣು ಕಾಣಬೇಕು. ಆಮೇಲೇ ಗಾಳ. ತೋಡು ತುಂಬಿದ್ದಾಗ ಮರಿ ಮೀನು, ಸಿಗಡಿ ಎಲ್ಲ ಬೇರಿನ ಸಂದಿಯಲ್ಲಿ ಅಡಗಿರುತ್ತವೆ. ನೀರು ಬತ್ತುತ್ತಾ ಬಂದ ಹಾಗೆ ಅವಕ್ಕೆ ಅಲ್ಲಿ ಜಾಗ ಇಲ್ಲ, ತೋಡಿನ ಬಾಯಿಯಿಂದ ಹೊರಗೆ ಬರಲೇಬೇಕು. ಕಾಳಾಂಜಿ ಅಲ್ಲೇ ಕಾದು ನಿಂತಿರುತ್ತದೆ. ಅದು ಓಡಿಸಿಕೊಂಡು ಹೋಗಿ ಬೇಟೆಯಾಡುವ ಮೀನಲ್ಲ. ನೆರಳಲ್ಲಿ ನಿಂತು, ಹತ್ತಿರ ಬಂದದ್ದನ್ನು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ.

ದಾರ ನನ್ನ ಕೈಗೆ ಕೊಟ್ಟರು. ತೋರುಬೆರಳಿನ ಮೇಲೆ ಹಾಯಿಸಿ ಹಿಡಿದುಕೋ ಅಂದರು. ಕತ್ತಲಾಗುತ್ತಾ ಬಂತು. ಮಾಲೆ ಮರಿ ಓಡಾಡುವುದು ಬೆರಳಿಗೆ ಗೊತ್ತಾಗುತ್ತಿತ್ತು, ಸಣ್ಣ ಸಣ್ಣ ತುಡಿತ. ಒಮ್ಮೆ ಆ ತುಡಿತ ಜೋರಾಯಿತು. ಹೆದರಿದ ಹಾಗೆ. ಕೂಡಲೇ ತೋಡಿನ ಬಾಯಲ್ಲಿ ಗ್ಳಪ್ ಅಂತ ಒಂದು ಶಬ್ದ. ದಾರ ಹಗುರಾಯಿತು, ಮತ್ತೆ ಮೆಲ್ಲ ಹೋಗತೊಡಗಿತು.

"ಎಳೀಬೇಡ. ಒಯ್ಯಲಿ. ಒಯ್ಯಲಿ... ಈಗ ಎಳಿ!"

ಎಳೆದೆ. ನೀರು ಒಡೆದು ಮೀನು ಪೂರ್ತಿ ಮೇಲೆ ಹಾರಿತು. ಬಾಯಿ ಅಗಲಿಸಿ, ಕಿವಿರು ಬಿಚ್ಚಿ, ತಲೆ ಕೊಡವಿತು. ಆ ಕಿವಿರಿನ ಪಟಪಟ ಈಗಲೂ ಕಿವಿಯಲ್ಲಿದೆ. ದಾರ ಬೆರಳಿಗೆ ಕೊಯ್ಯುತ್ತಿತ್ತು. ಕಾಲು ಕೆಸರಿನಲ್ಲಿ ಜಾರುತ್ತಿತ್ತು. ಮಾಮ ಹಿಂದಿನಿಂದ ನನ್ನ ಚಡ್ಡಿಯ ಪಟ್ಟಿ ಗಟ್ಟಿಯಾಗಿ ಹಿಡಿದು ನಿಂತರು. ದಾರ ಮಾತ್ರ ಮುಟ್ಟಲಿಲ್ಲ. ಒಮ್ಮೆಯೂ ಮುಟ್ಟಲಿಲ್ಲ. ನನಗೆ ಆಗ ಅದು ಗೊತ್ತಾಗಲಿಲ್ಲ, ಈಗ ಗೊತ್ತಾಗುತ್ತದೆ.

ಕೆಸರಿಗೆ ಎಳೆದು ಹಾಕಿದ ಮೇಲೆ ಮಾಮ ಟಾರ್ಚು ಬಿಟ್ಟರು. ಮೀನಿನ ಕಣ್ಣು ಕೆಂಡದ ಹಾಗೆ ಹೊಳೆಯಿತು. ನಾನು ಹೆದರಿ ಹಿಂದೆ ಸರಿದೆ. ಆಮೇಲೆ ಧೈರ್ಯ ಮಾಡಿ ಕಿವಿರಿನ ಹತ್ತಿರ ಹಿಡಿಯಲು ಹೋಗಿ ಬೆರಳು ಕೊಯ್ದುಕೊಂಡೆ. ಕಾಳಾಂಜಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಹಿಡಿಯಬೇಕಾದ್ದು ಕೆಳಗಿನ ದವಡೆಯನ್ನು. ದೊಡ್ಡ ಕೋರೆಹಲ್ಲು ಇಲ್ಲ, ಬಾಯೊಳಗೆ ಸ್ಯಾಂಡ್ ಪೇಪರಿನ ಹಾಗೆ ತರಿತರಿ, ಹೆಬ್ಬೆರಳು ಹಾಕಿದರೆ ಏನೂ ಆಗುವುದಿಲ್ಲ. ಬಲಗೈಯ ಆ ಗಾಯದ ಗುರುತು ಇನ್ನೂ ಇದೆ.

ಮನೆಯಲ್ಲಿ ಬೀಡಿ ಎಲೆ ತೂಗುವ ತಕ್ಕಡಿಯಲ್ಲಿ ತೂಗಿದೆವು. 2 ಕಿಲೋ 400 ಗ್ರಾಂ. ಮಾಮಿ ಪುಳಿಮುಂಚಿ ಮಾಡಿದರು. ತಲೆಯ ತುಂಡನ್ನು ನನ್ನ ಬಟ್ಟಲಿಗೇ ಹಾಕಿದರು, ಹಿಡಿದವನಿಗೆ ಅಂತ. ಕುಚ್ಚಲಕ್ಕಿ ಅನ್ನ, ಕೆಂಪು ಸಾರು, ಕೊಯ್ದ ಬೆರಳಿಗೆ ಹುಳಿ ತಾಗಿ ಉರಿ. ಅಷ್ಟು ರುಚಿಯ ಊಟ ನಾನು ಮತ್ತೆ ಉಂಡಿಲ್ಲ.

ದಿನ ಹೇಗೆ ನೆನಪಿದೆ ಅಂದರೆ ಓಣಂನಿಂದ. ಓಣಂ ಯಾವಾಗಲೂ ಹುಣ್ಣಿಮೆಗೆ ತಾಗಿಕೊಂಡೇ ಬರುತ್ತದೆ. ನಾವು ಹೋದದ್ದು ಹುಣ್ಣಿಮೆ ಕಳೆದು ಎರಡು ಮೂರು ದಿನಕ್ಕೆ. ಹೊಳೆಯ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಹೊತ್ತು ಮಾತ್ರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಸೆಳೆತ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ನಮ್ಮ ಆ ತೋಡಿಗೆ ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದ ಎರಡು ಮೂರು ದಿನ ಹೇಳಿ ಮಾಡಿಸಿದ್ದು. ಇಳಿತ ಸರಿಯಾಗಿ ಸಂಜೆಯ ಕತ್ತಲಿಗೆ ಬಂದು ಕೂಡುತ್ತದೆ. ಮಾಮನ ಹತ್ತಿರ ಟೈಮ್ ಟೇಬಲ್ ಇರಲಿಲ್ಲ, ಮೊಬೈಲೂ ಇರಲಿಲ್ಲ. ಗೇಣು ಮತ್ತು ಎಲೆ.

ಸೆಪ್ಟೆಂಬರ್ 21

ಎರಡನೇ ಮೀನು. ಹೊಟ್ಟೆಯಲ್ಲಿ ಸೀಸ ಕೂರಿಸಿದೆ. ತಲೆಯಿಂದ ಬಾಲದ ತನಕ ಸ್ಟೀಲ್ ತಂತಿ ಹಾಯಿಸಿದೆ. ದೊಡ್ಡ ಮೀನು ಎಳೆದರೆ ಮರ ಒಡೆಯಬಹುದು, ತಂತಿ ಬಿಡುವುದಿಲ್ಲ. ಬಾಯಿಯ ಕೆಳಗಿನ ನಾಲಗೆಗೆ ಹಳೆಯ ಹೆಲ್ಮೆಟ್ಟಿನ ಗ್ಲಾಸು ಕತ್ತರಿಸಿದೆ. ಟ್ಯಾಂಕಿಯಲ್ಲಿ ಬಿಟ್ಟರೆ ನೆಟ್ಟಗೆ ನಿಂತಿತು. ಎಳೆದರೆ ಬಾಲ ಬಳುಕಿಸಿಕೊಂಡು ಬಂತು. ಒಬ್ಬನೇ ನಿಂತು ಖುಷಿಪಟ್ಟೆ.

ಆದರೆ ಒಂದು ಗಂಟೆಯಲ್ಲಿ ನೀರು ಕುಡಿದು ಉಬ್ಬಿತು. ಬಣ್ಣ ಬಿರಿಯಿತು. ಹೊಂಗಾರೆ ಮರ ಅಂದರೆ ಸ್ಪಂಜು. ಬಣ್ಣಕ್ಕೆ ಮೊದಲು ಅರಾಲ್ಡೈಟ್ ಅಂಟು ತೆಳ್ಳಗೆ ಸವರಬೇಕು, ತಂತಿಯ ತೂತನ್ನೂ ಬಿಡದೆ. ಮಾಡುವವರು ಇದೊಂದನ್ನು ಮರೆಯಬೇಡಿ.

ಅಕ್ಟೋಬರ್ 9

ಮೂರನೇ ಮೀನು, 14 ಗ್ರಾಂ. ಅರಾಲ್ಡೈಟ್ ಎರಡು ಕೋಟು. ಒಂದು ರಾತ್ರಿ ಬಾಲ್ದಿಯಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿದೆ. 14 ಗ್ರಾಮೇ. ನೀರು ಕುಡಿದಿಲ್ಲ.

ಇವತ್ತು ಹೊಳೆಗೆ ಹೋದೆ. ಏಳೂವರೆ ಅಡಿಯ ರಾಡ್, 3000 ಸೈಜಿನ ರೀಲ್, 20 ಪೌಂಡಿನ ಬ್ರೇಡ್ ಅನ್ನುವ ಹೆಣೆದ ದಾರ, ಅದರ ತುದಿಗೆ ಒಂದು ಮಾರು 40 ಪೌಂಡಿನ ಲೀಡರ್ ದಾರ. ಲೀಡರ್ ದಪ್ಪ ಬೇಕೇ ಬೇಕು, ಆ ಕಿವಿರಿನ ಅಂಚಿನಿಂದಾಗಿ. ಎರಡು ಗಂಟೆ ಬೀಸಿದೆ. ಏನೂ ಇಲ್ಲ. ದೋಣಿಯಲ್ಲಿ ಹೋಗುತ್ತಿದ್ದ ಇಚ್ಚ (ಅಣ್ಣ) "ಕಿಟ್ಟಿಯಾ?", ಸಿಕ್ಕಿತಾ ಅಂತ ಕೇಳಿದರು. ಇಲ್ಲ ಅಂದೆ. ಅವರು ದೋಣಿ ನೂಕುವ ಕೋಲು, ಜಲ್ಲು, ನೀರಿಗೆ ಊರಿ, ಮೇಲೆ ಸಿಹಿನೀರು, ಅಡಿಯಲ್ಲಿ ಉಪ್ಪು ಅಂದರು. ಅಷ್ಟು ಹೇಳಿ ಹೋದರು.

ಹೌದು. ಮಧ್ಯಾಹ್ನ ಗುಡುಗುಮಳೆ ಬರುತ್ತಿದೆ, ಮೇಲಿನಿಂದ ಕೆಂಪು ನೀರು ಇಳಿಯುತ್ತಿದೆ. ಉಪ್ಪು ನೀರು ಭಾರ, ಅಡಿಯಲ್ಲಿ ಉಳಿಯುತ್ತದೆ. ಮಳೆನೀರು ಅದರ ಮೇಲೆ ಹಾಸಿಕೊಂಡು ಹೋಗುತ್ತದೆ. ಕಾಳಾಂಜಿಗೆ ಎರಡೂ ಆಗುತ್ತದೆ, ಆದರೆ ಮರಿ ಮೀನುಗಳು ಕೆಳಗಿದ್ದರೆ ಅದೂ ಕೆಳಗೆ. ನನ್ನ ಮರದ ಮೀನು ಒಂದಡಿ ಆಳಕ್ಕೂ ಹೋಗುವುದಿಲ್ಲ. ನಾಲಗೆಯನ್ನು ಮುಂದಕ್ಕೆ ಚಾಚಿದ ಹಾಗೆ ಕೂರಿಸಿದರೆ ಆಳಕ್ಕೆ ಹೋಗುತ್ತದೆ, ಕೆಳಕ್ಕೆ ಬಗ್ಗಿಸಿದರೆ ಮೇಲೆಯೇ ಬಳುಕುತ್ತದೆ. ನಾನು ಬಗ್ಗಿಸಿ ಕೂರಿಸಿದ್ದೆ.

ಅಕ್ಟೋಬರ್ 26

ನಾಲ್ಕನೇ ಮೀನು. ನಾಲಗೆ ಸ್ವಲ್ಪ ಉದ್ದ, ಮುಂದಕ್ಕೆ ಚಾಚಿದೆ. ಟ್ಯಾಂಕಿಯ ತಳ ಮುಟ್ಟಿತು.

ಕುಂಬಳೆ ಮಾರ್ಕೆಟಿನಲ್ಲಿ ಇವತ್ತು ಒಂದೇ ಅಳತೆಯ ಹತ್ತು ಹದಿನೈದು ಕಾಳಾಂಜಿ ಇದ್ದವು. ಸಾಕಿದ್ದು. ಚೆನ್ನೈಯಲ್ಲಿರುವ ಚೌಳು ನೀರಿನ ಮೀನುಸಾಕಣೆಯ ಕೇಂದ್ರ ಸಂಶೋಧನಾ ಸಂಸ್ಥೆ ಸೀಬಾದವರು (CIBA) 1997ರಲ್ಲಿ ಈ ಮೀನಿನ ಮರಿ ಮಾಡಿಸಿ ತೋರಿಸಿದ ಮೇಲೆ ಕೆರೆಯಲ್ಲಿ, ಗೂಡಿನಲ್ಲಿ ಸಾಕುವುದು ಬೆಳೆದಿದೆ. ಒಳ್ಳೆಯದೇ ಆಯಿತು, ಹೊಳೆಯದಕ್ಕೆ ಅಷ್ಟು ಉಸಿರು ಸಿಗಲಿ. ಈ ಮೀನು ಹುಟ್ಟಿ ಬೆಳೆದು ಮೊದಲು ಗಂಡಾಗುತ್ತದೆ. ಆಮೇಲೆ ಕೆಲವು ವರ್ಷ ಕಳೆದು, ಸುಮಾರು 80 ಸೆಂಟಿಮೀಟರ್ ದಾಟುವ ಹೊತ್ತಿಗೆ ಹೆಣ್ಣಾಗುತ್ತದೆ. ಅಂದರೆ ದೊಡ್ಡದೆಲ್ಲ ಹೆಚ್ಚುಕಡಿಮೆ ಹೆಣ್ಣೇ. ಮೊಟ್ಟೆ ಇಡಲು ಅಳಿವೆಯ ಉಪ್ಪಿಗೇ ಇಳಿಯಬೇಕು. ದೊಡ್ಡದನ್ನೇ ಹಿಡಿದು ಫೋಟೋ ತೆಗೆದು ಕೊಯ್ದರೆ ಹೊಳೆಯಲ್ಲಿ ಮರಿ ಎಲ್ಲಿಂದ ಬರಬೇಕು? ನನಗೆ 80 ದಾಟಿದ್ದು ಸಿಕ್ಕಿದರೆ ವಾಪಸ್ ನೀರಿಗೆ. ಐವತ್ತರೊಳಗಿನದ್ದೂ ಹಾಗೇ. ಗಾಳ ಹಾಕುವ ಗೆಳೆಯರ ಹತ್ತಿರವೂ ಇದನ್ನೇ ಕೇಳಿಕೊಳ್ಳುತ್ತೇನೆ.

ನವೆಂಬರ್ 8

ಹುಣ್ಣಿಮೆ ಕಳೆದು ಮೂರನೇ ದಿನ, ಶನಿವಾರ. ಐದು ಗಂಟೆಗೆ ಹೋದೆ. ಹಲಸಿನ ಎಲೆ ಮನೆಯಿಂದಲೇ ಒಯ್ದಿದ್ದೆ. ಎಲೆ ಹಾಕುವಾಗಲೇ ಹೊಳೆಯ ಕಡೆ ಓಡಿತು. ಬೇರು ಗೇಣಿನಷ್ಟು ಕಾಣುವ ತನಕ ಕಾದೆ.

ಆರೂಕಾಲು ದಾಟಿತ್ತು. ತೋಡಿನ ಆಚೆ ದಡದ ಬೇರಿನ ಪಕ್ಕಕ್ಕೆ ಬೀಸಿದೆ. ಎರಡು ಸುತ್ತು ಸುತ್ತಿದೆ, ನಿಲ್ಲಿಸಿದೆ. ಮತ್ತೆ ಎರಡು ಸುತ್ತು. ನಿಲ್ಲಿಸಿದಾಗಲೇ ಬಂತು. ಅದೇ ಶಬ್ದ. ಗ್ಳಪ್.

ರೀಲ್ ಕಿರುಚಿತು. ಮೀನು ಬೇರಿನ ಕಡೆ ತಿರುಗಿತು. ಹೋಗಲು ಬಿಟ್ಟರೆ ದಾರ ಕಡಿಯುತ್ತದೆ. ರೀಲಿನ ಬಿಗಿ, ಡ್ರ್ಯಾಗ್, ಗಟ್ಟಿ ಮಾಡಿ ರಾಡನ್ನು ಓರೆ ಹಿಡಿದೆ. ಒಮ್ಮೆ ಹಾರಿತು, ತಲೆ ಕೊಡವಿತು, ಹೊಂಗಾರೆ ಮೀನು ಅದರ ದವಡೆಗೆ ಬಡಿಯುವ ಶಬ್ದ ಕೇಳಿತು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ದವಡೆ ಹಿಡಿದು ನೀರಿನಿಂದ ಎತ್ತಿದೆ. 47 ಸೆಂಟಿಮೀಟರ್. ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕೆಂಡದ ಹಾಗೆಯೇ.

ನೀರಿನಲ್ಲಿ ಹಿಡಿದುಕೊಂಡು ನಿಂತೆ. ಬಾಲ ಬೀಸಿ ಹೋಯಿತು. ಕೈ ನಡುಗುತ್ತಿತ್ತು.

ನವೆಂಬರ್ 9

ಬೆಳಿಗ್ಗೆ ಮರದ ಮೀನು ತೆಗೆದುಕೊಂಡು ಮಾಮನ ಮನೆಗೆ ಹೋದೆ. ಮಾಮ ಈಗ ಹೊಳೆಗೆ ಇಳಿಯುವುದಿಲ್ಲ, ಮಂಡಿ ನೋವು, ಕಣ್ಣೂ ಮಂದ. ಚಾವಡಿಯಲ್ಲಿ ಕೂತು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಬೆನ್ನಿನ ಕಪ್ಪು ಬಣ್ಣ ಒಂದು ಕಡೆ ಪೂರ್ತಿ ಸವೆದು ಬಿಳಿ ಮರ ಕಾಣುತ್ತದೆ. ಅದರ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಅದರದ್ದೇ ಬಾಯಿ."

ಎಷ್ಟು ತೂಕ ಅಂತ ಕೇಳಲಿಲ್ಲ. "ಬೇರು ಎಷ್ಟು ಕಂಡಿತ್ತು?" ಅಂದರು.

"ಒಂದು ಗೇಣು ಮಾಮ, ನೀವು ಹೇಳಿದ ಹಾಗೇ."

"ಯಾರ ಗೇಣು?"

ನಾನು ಕೈ ಅಗಲಿಸಿ ತೋರಿಸಿದೆ. ಮಾಮ ಅದರ ಪಕ್ಕಕ್ಕೆ ತಮ್ಮ ಕೈ ಇಟ್ಟರು. ನನ್ನದು ಅವರದ್ದಕ್ಕಿಂತ ಎರಡು ಬೆರಳು ಜಾಸ್ತಿ.

"ಹಾಗಾದ್ರೆ ತಡ ಆಯ್ತು ನಿಂಗೆ. ದೊಡ್ಡದು ಮೊದಲೇ ಬಂದು ಹೋಗಿರ್ತದೆ."

ಒಂದು ನೂಲಿನಲ್ಲಿ ಮಾಮನ ಗೇಣು ಅಳೆದು ತಂದಿದ್ದೇನೆ. ಅಮಾವಾಸ್ಯೆ ಕಳೆದು ನವೆಂಬರ್ 22, ಶನಿವಾರ. ಅಷ್ಟರಲ್ಲಿ ಸವೆದ ಕಡೆ ಅರಾಲ್ಡೈಟ್ ಸವರಬೇಕು, ಬಣ್ಣ ಹಚ್ಚುವುದಿಲ್ಲ. ನಾಲ್ಕೂವರೆಗೆ ಅಲ್ಲಿರುತ್ತೇನೆ.